ಗುಮ್ಮಟಕ್ಕೆ ಒಂದು ತಾಸು, ರಾಜಧಾನಿಗೆ ಮೂರು ದಿನ

ಮೂರು ನಾಲ್ಕು ದಿನ ರಜೆ ಸಿಕ್ಕರೆ ಗಂಡ ಹೆಂಡತಿ ಇಬ್ಬರೇ ಎಲ್ಲಿಗೆ ಹೋಗಿಬರಬೇಕು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಬಹುಕಾಲದಿಂದ ಸಿದ್ಧವಾಗಿಯೇ ಇದೆ: ಮಡಿಕೇರಿ, ಊಟಿ, ಚಿಕ್ಕಮಗಳೂರು, ಗೋಕರ್ಣ, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಗೋವಾ ಅಥವಾ ಕೇರಳದ ಹಿನ್ನೀರು. ಬೆಟ್ಟ, ಮಂಜು, ಕಡಲು ದಂಪತಿಗಳ ಪಾಲಿಗೆ. ಕೋಟೆ, ಗುಮ್ಮಟ, ಗೋರಿ, ಶಾಸನಗಳು ಶಾಲಾ ಪ್ರವಾಸದ ಪಾಲಿಗೆ. ಈ ವಿಂಗಡಣೆಯನ್ನು ಯಾರೂ ಕೂತು ಮಾಡಿದ್ದಲ್ಲ. ಆದರೂ ಅದು ಗಟ್ಟಿಯಾಗಿ ಬೇರೂರಿದೆ. ವಿಜಯಪುರದ ಗೋಳಗುಮ್ಮಟವನ್ನು ಶಾಲೆಯಲ್ಲಿದ್ದಾಗ ಕಂಡವರು ಮತ್ತೆ ಅಲ್ಲಿ ಕಾಲಿಡುವುದು ತಮ್ಮ ಮಕ್ಕಳ ಕೈ ಹಿಡಿದುಕೊಂಡು. ಅದೂ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಮುಗಿದ ಮೇಲೆ ಮಿಕ್ಕ ಅರ್ಧ ದಿನದಲ್ಲಿ. ಈ ರೂಢಿಯಿಂದ ನಷ್ಟವಾಗುತ್ತಿರುವುದು ಊರಿಗೂ ಹೌದು, ನೋಡಹೋದವರಿಗೂ ಹೌದು. ಹಳೆಯ ರಾಜಧಾನಿಯೆಂಬುದು ವಯಸ್ಸಿಗೆ ಬಂದವರು, ಅದರಲ್ಲೂ ಜೊತೆಯಾಗಿ ಬಾಳುತ್ತಿರುವ ಇಬ್ಬರು, ಅಲ್ಲಿಯೇ ತಂಗಿ ನಿಧಾನವಾಗಿ ನೋಡಬೇಕಾದ ಸ್ಥಳ ಎಂಬುದು ನನ್ನ ವಾದ. ಇದಕ್ಕೆ ವಿಜಯಪುರವನ್ನೇ ಆಯ್ದುಕೊಳ್ಳಲು ಕಾರಣವಿದೆ. ಸುಮಾರು ಇನ್ನೂರು ವರ್ಷ ಆದಿಲಶಾಹಿಗಳ ರಾಜಧಾನಿಯಾಗಿದ್ದ ಈ ಊರನ್ನು ನಾವು ಒಂದೇ ಕಟ್ಟಡಕ್ಕೆ ಇಳಿಸಿದಷ್ಟು ಬೇರೆ ಯಾವ ರಾಜಧಾನಿಯನ್ನೂ ಇಳಿಸಿಲ್ಲ.

ಅರ್ಧ ದಿನದ ಭೇಟಿಯಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಗುಮ್ಮಟದ ಹೊರವ್ಯಾಸ 44 ಮೀಟರ್, ಅದು ಜಗತ್ತಿನ ದೊಡ್ಡ ಗುಮ್ಮಟಗಳಲ್ಲಿ ಇಷ್ಟನೆಯದು, ಒಳಗೆ ಒಂದು ಕಂಬವೂ ಇಲ್ಲ, ಕೂಗಿದರೆ ಏಳೆಂಟು ಬಾರಿ ಮಾರ್ದನಿಸುತ್ತದೆ, ಇಷ್ಟು ಕಿವಿಗೆ ಬೀಳುತ್ತದೆ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲು ಹತ್ತಿ, ಕೂಗಿ, ಇಳಿದು, ಫೋಟೊ ತೆಗೆಸಿಕೊಂಡು ಬಂದವರು ಬಸ್ಸು ಹತ್ತುತ್ತಾರೆ. ಕೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಿಂದ ಮನಸ್ಸಿನಲ್ಲಿ ನಿಲ್ಲುವ ಚಿತ್ರ ಮಾತ್ರ ತಪ್ಪು: ಯಾವನೋ ಒಬ್ಬ ಸುಲ್ತಾನನಿಗೆ ತನ್ನ ಗೋರಿ ದೊಡ್ಡದಾಗಿರಲಿ ಎನ್ನಿಸಿತು, ಕಟ್ಟಿಸಿದ, ಸತ್ತ. ಆ ಗುಮ್ಮಟವನ್ನು ಎತ್ತಿ ನಿಲ್ಲಿಸಲು ಬೇಕಾದ ದುಡಿಮೆ, ದುಡ್ಡು, ನೀರು, ಕಲ್ಲು, ಲೆಕ್ಕಪತ್ರ, ಸೈನ್ಯ ಇವುಗಳನ್ನೆಲ್ಲ ಹೊಂದಿಸಿದ ಊರೊಂದು ಅದರ ಸುತ್ತ ಇತ್ತು, ಇವತ್ತಿಗೂ ಇದೆ ಎಂಬುದು ಆ ಚಿತ್ರದಲ್ಲಿ ಬರುವುದೇ ಇಲ್ಲ. ದೊಡ್ಡ ಕಟ್ಟಡ ಎಲ್ಲಿ ಬೇಕಾದರೂ ಇರಬಹುದು. ಒಂದು ಊರನ್ನು ರಾಜಧಾನಿಯನ್ನಾಗಿ ಮಾಡುವುದು ಅದು ನಡೆಯುತ್ತಿದ್ದ ಬಗೆ. ಅದನ್ನು ಕಾಣಲು ಒಂದು ತಾಸು ಸಾಲದು, ಹದಿಮೂರು ವರ್ಷದ ಮಗುವಿನ ಕುತೂಹಲವೂ ಸಾಲದು.

ದಂಪತಿಗಳು ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ಸಂಸಾರ ನಡೆಸಿದವರಿಗೆ ಕೆಲವು ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ: ನೀರು ಎಲ್ಲಿಂದ ಬರುತ್ತಿತ್ತು, ಖರ್ಚು ಯಾರದು, ಅಪ್ಪ ಕಟ್ಟಿದ್ದನ್ನು ಮಗ ಉಳಿಸಿಕೊಂಡನೇ, ಮನೆಯ ಹೆಂಗಸರ ಮಾತು ಎಷ್ಟರಮಟ್ಟಿಗೆ ನಡೆಯುತ್ತಿತ್ತು. ರಾಜಧಾನಿಯೂ ಬಹುದೊಡ್ಡ ಸಂಸಾರವೇ. ಅದನ್ನು ತೂಗಿಸಿದ ರೀತಿಯನ್ನು ಕೇಳಬಲ್ಲವರು ತಮ್ಮ ಸಂಸಾರವನ್ನು ತೂಗಿಸಿದವರು. ಇಬ್ಬರೇ ಇರುವುದರ ಅನುಕೂಲ ಇನ್ನೂ ಒಂದಿದೆ. ನಲವತ್ತು ಜನರ ತಂಡಕ್ಕೆ ವೇಳಾಪಟ್ಟಿ ಬೇಕು, ಒಬ್ಬನೇ ಹೋದವನಿಗೆ ಕಂಡದ್ದನ್ನು ಒರೆಗೆ ಹಚ್ಚಲು ಇನ್ನೊಬ್ಬರಿಲ್ಲ. ಇಬ್ಬರಿದ್ದರೆ ಒಬ್ಬರು ಕಂಡದ್ದನ್ನು ಇನ್ನೊಬ್ಬರು ಅಲ್ಲಗಳೆಯಬಹುದು, ಒಂದು ಕಮಾನಿನ ಕೆಳಗೆ ಬೇಕಾದಷ್ಟು ಹೊತ್ತು ಕೂರಬಹುದು, ದಣಿವಾದರೆ ಕೋಣೆಗೆ ಮರಳಿ ಸಂಜೆ ಮತ್ತೆ ಹೊರಡಬಹುದು.

ನೀರಿನಿಂದಲೇ ಶುರುಮಾಡೋಣ, ಏಕೆಂದರೆ ವಿಜಯಪುರದ ಕಥೆಯಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಅದೇ. ಭೀಮೆ ಉತ್ತರಕ್ಕೆ ದೂರ, ಕೃಷ್ಣೆ ದಕ್ಷಿಣಕ್ಕೆ ದೂರ. ಊರಿನ ಮಗ್ಗುಲಲ್ಲಿ ಹರಿಯುವ ಹೊಳೆಯೊಂದೂ ಇಲ್ಲ. ಮಳೆಯನ್ನು ನಂಬುವ ಹಾಗಿಲ್ಲದ ಬಯಲುಸೀಮೆ ಇದು. ಇಂಥ ಕಡೆ ಹತ್ತು ಕಿಲೋಮೀಟರ್ ಸುತ್ತಳತೆಯ ಗೋಡೆಯೊಳಗೆ ಒಂದು ಮಹಾನಗರ ಬದುಕಬೇಕಾದರೆ ಅದಕ್ಕೆ ನೀರು ತರುವ ಯೋಜನೆಯೇ ಮೊದಲ ರಾಜಕಾರ್ಯ. ನಗರದ ಪಶ್ಚಿಮಕ್ಕೆ ಐದಾರು ಕಿಲೋಮೀಟರ್ ದೂರದ ತೊರವೆಯ ಕಡೆಯಿಂದ ನೆಲದಡಿಯಲ್ಲಿ ಸುರಂಗ ಕೊರೆದು ನೀರು ತಂದರು. ಪರ್ಷಿಯಾದಿಂದ ಬಂದ ಕರೇಜ್ ವಿದ್ಯೆ ಇದು: ಸುರಂಗಕ್ಕೆ ತೀರ ಸಣ್ಣ ಇಳಿಜಾರು, ನಡುನಡುವೆ ಗಾಳಿಗೂ ಹೂಳು ತೆಗೆಯಲೂ ನೆಲಮಟ್ಟದವರೆಗೆ ತೆರೆದ ಬಾವಿಗಳು, ಯಾವ ಯಂತ್ರವೂ ಇಲ್ಲದೆ ನೀರು ತನ್ನ ಭಾರಕ್ಕೆ ತಾನೇ ಹರಿಯುವುದು. ಆಮೇಲೆ 1651ರಲ್ಲಿ ಮುಹಮ್ಮದ್ ಆದಿಲಶಾಹ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಕೆರೆಯನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಸಿದ. ಕೊಳವೆ ಒತ್ತಡಕ್ಕೆ ಒಡೆಯಬಾರದೆಂದು ದಾರಿಯುದ್ದಕ್ಕೂ ನಿಲ್ಲಿಸಿದ ಚೌಕಾಕಾರದ ನೀರಿನ ಗೋಪುರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಇವು ಏನು ಎಂದು ತಿಳಿಯದೆ ಎಷ್ಟೋ ಪ್ರವಾಸಿಗರು ಅವುಗಳ ಪಕ್ಕದಲ್ಲೇ ಆಟೊದಲ್ಲಿ ಹಾದುಹೋಗುತ್ತಾರೆ. ಊರೊಳಗೆ ಆ ನೀರು ನೂರಾರು ಬಾವಡಿಗಳಿಗೂ ಹೊಂಡಗಳಿಗೂ ಅರಮನೆಯ ಕಾರಂಜಿಗಳಿಗೂ ಸೇರುತ್ತಿತ್ತು. 1620ರಲ್ಲಿ ಕಟ್ಟಿದ ತಾಜ್ ಬಾವಡಿಯ ಮುಂದೆ ನಿಂತವರಿಗೆ ಮೊದಲು ಕಾಣುವುದು ನೀರಲ್ಲ, ಎರಡು ಎಂಟುಮೂಲೆಯ ಬುರುಜುಗಳ ನಡುವಿನ ಭಾರಿ ಕಮಾನು. ಅದರ ಕೆಳಗಿನಿಂದ ಮೆಟ್ಟಿಲಿಳಿದರೆ ಕೆರೆಯಷ್ಟು ಅಗಲದ ಬಾವಿ, ಎಡಬಲಕ್ಕೆ ಪರಸ್ಥಳದವರು ತಂಗಲು ಮಾಡಿದ ಕೋಣೆಗಳ ಸಾಲು. ಸಾರ್ವಜನಿಕ ಬಾವಿಗೆ ಅರಮನೆಯ ಹೆಬ್ಬಾಗಿಲಿನ ಘನತೆ ಕೊಟ್ಟ ಆಳ್ವಿಕೆಯ ಬಗ್ಗೆ ಈ ಬಾವಡಿಯೊಂದೇ ಹೇಳುವಷ್ಟನ್ನು ಗೋಳಗುಮ್ಮಟ ಹೇಳಲಾರದು. ಅದು ಬಹುಕಾಲ ಹೂಳು, ಕಸ, ಮುಳುಗಿಸಿದ ಗಣಪತಿಗಳಿಂದ ತುಂಬಿಹೋಗಿ, ಈಚಿನ ವರ್ಷಗಳಲ್ಲಷ್ಟೇ ಹೂಳೆತ್ತಿಸಿಕೊಂಡಿತು. ನೋಡುವವರು ಬರುತ್ತಿದ್ದರೆ ಆ ಸ್ಥಿತಿ ಅಷ್ಟು ವರ್ಷ ಮುಂದುವರಿಯುತ್ತಿರಲಿಲ್ಲ.

ನೀರಿನ ನಂತರ ಗೋಡೆ. ಒಂದನೆಯ ಅಲಿ ಆದಿಲಶಾಹನ ಕಾಲದ ನಗರದ ಕೋಟೆ, ಅದರ ತೊಂಬತ್ತಕ್ಕೂ ಹೆಚ್ಚು ಬುರುಜುಗಳು, ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇಹ್ ಎಂಬ ಐದು ದೊಡ್ಡ ಬಾಗಿಲುಗಳು, ಇವುಗಳ ಗುಂಟ ಒಂದು ಬೆಳಗ್ಗೆ ನಡೆದರೆ ವಿಜಯನಗರದ ವಿರುದ್ಧ ನಡೆದ 1565ರ ಯುದ್ಧದ ಅರ್ಥ ಬೇರೆಯೇ ಆಗಿ ತಿಳಿಯುತ್ತದೆ. ಗೋಡೆಯ ಒಂದೊಂದು ಭಾಗವನ್ನು ಒಬ್ಬೊಬ್ಬ ಸರದಾರನಿಗೆ ವಹಿಸಿದ್ದರಿಂದ ಕೆಲಸದ ಗಟ್ಟಿತನ ಕಡೆಯಿಂದ ಕಡೆಗೆ ಬದಲಾಗುತ್ತದೆ ಎಂಬ ಮಾತು ಪ್ರಚಲಿತವಿದೆ. ನಡೆದು ನೋಡಿದವರು ಅದನ್ನು ಕಣ್ಣಾರೆ ಪರೀಕ್ಷಿಸಬಹುದು. ಪಶ್ಚಿಮದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಸುಮಾರು 55 ಟನ್ ತೂಕದ ಆ ಲೋಹವನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಯುದ್ಧದ ಗೆಲುವಿನ ಗುರುತಾಗಿ ಇಲ್ಲಿಗೆ ಎಳೆದು ತಂದರು. ಅದರ ಬಾಯಿಯ ಸುತ್ತ ಸಿಂಹದ ದವಡೆ, ದವಡೆಯಲ್ಲಿ ಸಿಕ್ಕಿದ ಆನೆ. ಎತ್ತು, ಆನೆ, ಆಳುಗಳು ಸೇರಿ ಇದನ್ನು ದಾರಿಯುದ್ದಕ್ಕೂ ಹೇಗೆ ತಂದರು ಎಂದು ಯೋಚಿಸುವಷ್ಟು ಹೊತ್ತು ಅಲ್ಲಿ ನಿಲ್ಲದವರು ಅದನ್ನು ನೋಡಿದ ಹಾಗಲ್ಲ.

ಇನ್ನು ಎಲ್ಲರೂ ನೋಡುವ ಎರಡು ಸಮಾಧಿಗಳು. ಇವುಗಳನ್ನು ಒಂದಾದ ಮೇಲೆ ಒಂದು ನೋಡಬೇಕು, ಅದೂ ಇಬ್ರಾಹಿಂ ರೋಜಾವನ್ನು ಮೊದಲು, ಗೋಳಗುಮ್ಮಟವನ್ನು ಆಮೇಲೆ. ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದ ರೋಜಾ ಮೂಲತಃ ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದದ್ದು. 1627ರಲ್ಲಿ ರಾಜನೇ ಮೊದಲು ತೀರಿಕೊಂಡದ್ದರಿಂದ ಅವನ ಸಮಾಧಿಯೂ ಅದೇ ಆಯಿತು. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಸಮಾಧಿ ಮತ್ತು ಮಸೀದಿ, ಕಿಟಕಿಯ ಕಲ್ಲಿನಲ್ಲಿ ಅರಬ್ಬಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕೆತ್ತನೆ, ಒಂದೇ ಕಲ್ಲಿನಲ್ಲಿ ಕಡೆದು ಇಳಿಬಿಟ್ಟ ಸರಪಳಿ, ಒಳಗೆ ಆಧಾರವೇ ಇಲ್ಲದಂತೆ ತೂಗುವ ಚಪ್ಪಟೆ ಕಲ್ಲಿನ ಮಾಳಿಗೆ: ಶಿಲ್ಪಿ ಮಲಿಕ್ ಸಂದಲ್‌ನ ಕೈಕೆಲಸವನ್ನು ಸೂಕ್ಷ್ಮತೆಯಲ್ಲಿ ಮೀರಿಸುವುದು ಸಾಧ್ಯವಿರಲಿಲ್ಲ. ಮಗ ಮುಹಮ್ಮದ್ ಅದಕ್ಕೆ ಕೈಹಾಕಲಿಲ್ಲ; ಅಲಂಕಾರವನ್ನು ಬಿಟ್ಟು ಗಾತ್ರದ ಹಾದಿ ಹಿಡಿದ. 1636ರಲ್ಲಿ ಮೊಗಲರ ಮೇಲಾಳ್ತನ ಒಪ್ಪಿ ಉತ್ತರದ ಕಡೆ ಶಾಂತಿ ಕೊಂಡುಕೊಂಡ ಬಿಜಾಪುರ ದಕ್ಷಿಣಕ್ಕೆ ತಿರುಗಿತು. 1638ರಲ್ಲಿ ರಣದುಲ್ಲಾ ಖಾನನ ದಂಡು ಬೆಂಗಳೂರನ್ನು ಗೆದ್ದುಕೊಂಡಿತು, ಊರು ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಗಿ ಹೋಯಿತು. ಗೋಳಗುಮ್ಮಟ ಏಳುತ್ತಿದ್ದದ್ದು ಇದೇ ದಶಕಗಳಲ್ಲಿ. ದಕ್ಷಿಣದ ಸೀಮೆಗಳ ಕಪ್ಪಕಾಣಿಕೆ ಈ ರಾಜಧಾನಿಗೆ ಹರಿದುಬರುತ್ತಿದ್ದ ಕಾಲ ಅದು. ಬೆಂಗಳೂರಿನ ದಂಪತಿಗಳು ಆ ಗುಮ್ಮಟದ ಕೆಳಗೆ ನಿಂತಾಗ ತಮ್ಮ ಊರಿನ ಚರಿತ್ರೆಯ ಒಂದು ತುದಿ ಇಲ್ಲಿದೆ ಎಂಬುದನ್ನು ತಿಳಿದು ನಿಲ್ಲುವುದು ಒಳ್ಳೆಯದು. ಮುಂದಿನ ತಲೆಮಾರಿನ ಎರಡನೆಯ ಅಲಿ ಇವೆರಡನ್ನೂ ಮೀರಿಸಬೇಕೆಂದು ಬಾರಾ ಕಮಾನಿಗೆ ಅಡಿಪಾಯ ಹಾಕಿದ. 1672ರಲ್ಲಿ ಅವನು ಸತ್ತಾಗ ಕಮಾನುಗಳು ಅರ್ಧಕ್ಕೇ ನಿಂತಿದ್ದವು. ಹದಿನಾಲ್ಕು ವರ್ಷಗಳ ನಂತರ, 1686ರ ಸೆಪ್ಟೆಂಬರಿನಲ್ಲಿ, ರಾಜ್ಯವೇ ಔರಂಗಜೇಬನ ಕೈಸೇರಿತು. ಅಜ್ಜ, ಮಗ, ಮೊಮ್ಮಗ ಈ ಮೂವರ ಸಮಾಧಿಗಳನ್ನು ಕ್ರಮವಾಗಿ ನೋಡಿದರೆ ಒಂದು ಮನೆತನ ಏರಿ ಇಳಿದದ್ದು ಕಲ್ಲಿನಲ್ಲೇ ಓದಲು ಸಿಗುತ್ತದೆ. ಗೋಳಗುಮ್ಮಟವೊಂದನ್ನೇ ನೋಡಿದವರಿಗೆ ಇದರ ನಡುವಿನ ಪುಟ ಮಾತ್ರ ಸಿಕ್ಕಿರುತ್ತದೆ.

ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಂತೂ ಇಬ್ಬರನ್ನೇ ಬಯಸುವ ಜಾಗ. ಗುಮ್ಮಟದ ಒಳಸುತ್ತಿಗೆ ಮೂರು ಮೀಟರಿಗೂ ಹೆಚ್ಚು ಅಗಲದ ಓಣಿಯಿದೆ. ಗೋಡೆಯ ಬಳಿ ಒಬ್ಬರು ಮೆಲ್ಲಗೆ ಆಡಿದ ಮಾತು ಬಾಗಿದ ಮೈಗುಂಟ ಸರಿದು, ಸುಮಾರು 38 ಮೀಟರ್ ಆಚೆ ಎದುರುಗೋಡೆಗೆ ಕಿವಿಯಿಟ್ಟ ಇನ್ನೊಬ್ಬರಿಗೆ ತಲುಪುತ್ತದೆ. ಧ್ವನಿ ಹೀಗೆ ಬಾಗಿದ ಗೋಡೆಯನ್ನು ಹಿಡಿದು ಸಾಗುತ್ತದೆ ಎಂಬುದನ್ನು ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಮೊಗಸಾಲೆಯನ್ನು ಆಧಾರವಾಗಿಟ್ಟುಕೊಂಡು ವಿವರಿಸಿದವನು ವಿಜ್ಞಾನಿ ರೇಲಿ. ಇದು ಅನುಭವಕ್ಕೆ ಬರಬೇಕಾದರೆ ಇರಬೇಕಾದವರು ಇಬ್ಬರು: ಒಬ್ಬರು ಆಡಲು, ಒಬ್ಬರು ಕೇಳಲು, ಉಳಿದದ್ದೆಲ್ಲ ಮೌನ. ಡಿಸೆಂಬರಿನಲ್ಲಿ ಏಕಕಾಲಕ್ಕೆ ನಾಲ್ಕು ಶಾಲೆಗಳ ಮಕ್ಕಳು ಕೂಗುತ್ತಿರುವಾಗ ಅಲ್ಲಿ ಕೇಳಿಸುವುದು ಗದ್ದಲ. ಮಕ್ಕಳು ಕೂಗಬಾರದೆಂದಲ್ಲ, ಅವರಿಗೆ ಅದರಲ್ಲಿ ಸಿಗುವ ಸಂತೋಷ ನಿಜವಾದದ್ದೇ. ಆದರೆ ಬೆಳಗ್ಗೆ ಬಾಗಿಲು ತೆರೆದ ಮೊದಲ ತಾಸಿನಲ್ಲಿ ಬರಲು ಸಾಧ್ಯವಾಗುವುದು ಊರಿನಲ್ಲೇ ರಾತ್ರಿ ತಂಗಿದವರಿಗೆ. ಕಟ್ಟಡ ತನ್ನ ಅತಿ ಸೂಕ್ಷ್ಮ ಗುಣವನ್ನು ತೋರುವುದು ಅವರಿಗೇ.

ಈಗ ಎದುರು ಬರುವ ಮಾತುಗಳಿಗೆ ಬರೋಣ. ಎಲ್ಲಕ್ಕಿಂತ ಗಂಭೀರವಾದದ್ದು, ಎಷ್ಟೋ ಜನ ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿರುವುದು: ವಿಜಯನಗರವನ್ನು ಕೆಡವಿದವರ ಊರಿನಲ್ಲಿ ನಾವು ರಜೆ ಕಳೆಯಬೇಕೇ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸರಿಯಲ್ಲ. 1565ರ ಯುದ್ಧದಲ್ಲಿ ಬಿಜಾಪುರ ಇತ್ತು, ಹಂಪಿಯ ಲೂಟಿ ನಡೆದದ್ದು ನಿಜ. ವಿಜಯಪುರದ ಕರೀಮುದ್ದೀನ್ ಮಸೀದಿ 1320ರಲ್ಲಿ, ಆದಿಲಶಾಹಿಗಳಿಗಿಂತ ಬಹಳ ಹಿಂದೆ, ದೇವಾಲಯದ ಕಂಬಗಳನ್ನು ಬಳಸಿ ಕಟ್ಟಿದ್ದು. ಒಳಗೆ ಹೋದವರಿಗೆ ಅದು ತಕ್ಷಣ ಕಾಣುತ್ತದೆ. ಇದನ್ನು ಮರೆಮಾಚಿ ಸೌಹಾರ್ದದ ಕಥೆಯೊಂದನ್ನೇ ಹೇಳುವವರು ಓದುಗರನ್ನು ಮಕ್ಕಳಂತೆ ನಡೆಸಿಕೊಳ್ಳುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲುವವರೂ ಅರ್ಧ ಸತ್ಯದಲ್ಲೇ ನಿಲ್ಲುತ್ತಾರೆ. ಒಂದನೆಯ ಇಬ್ರಾಹಿಂನ ಕಾಲದಲ್ಲಿ ಕಂದಾಯದ ಲೆಕ್ಕಗಳನ್ನು ಫಾರಸಿಯಿಂದ ದೇಶಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರ ಕೈಗೆ ಒಪ್ಪಿಸಿದ್ದನ್ನು, ಇದೇ ಊರಿನಲ್ಲಿ ಕೂತು ಚರಿತ್ರೆ ಬರೆದ ಫರಿಷ್ತಾ ದಾಖಲಿಸಿದ್ದಾನೆ. ಎರಡನೆಯ ಇಬ್ರಾಹಿಂ ದಖನಿ ಭಾಷೆಯಲ್ಲಿ ರಚಿಸಿದ ಕಿತಾಬ್-ಎ-ನವರಸ್ ರಾಗಗಳಿಗೆ ಹೊಂದಿಸಿದ ಹಾಡುಗಳ ಗ್ರಂಥ. ಅದರಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಸೂಫಿ ಸಂತ ಗೇಸೂದರಾಜ್ ಮೂವರಿಗೂ ವಂದನೆಯಿದೆ. ಸಂಗೀತದ ಹುಚ್ಚಿನಿಂದ ಅವನು 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟಲು ಹೊರಟ. 1624ರಲ್ಲಿ ಅದನ್ನು ಹಾಳುಗೆಡವಿದವನು ಅಹಮದನಗರದ ಮಲಿಕ್ ಅಂಬರ್. ಸುಲ್ತಾನರ ರಾಜ್ಯಗಳ ನಡುವೆಯೇ ಇಷ್ಟು ಹಗೆತನವಿತ್ತು ಎಂಬುದನ್ನು ಗಮನಿಸಿದರೆ, ಆ ಕಾಲದ ರಾಜಕೀಯವನ್ನು ಎರಡು ಧರ್ಮಗಳ ಜಗಳವೊಂದಕ್ಕೇ ಹೊಂದಿಸಲು ಬರುವುದಿಲ್ಲ. ನವರಸಪುರದ ಮಗ್ಗುಲಲ್ಲೇ ಇರುವ ತೊರವೆ ಕನ್ನಡಿಗರಿಗೆ ಬೇರೆ ಕಾರಣಕ್ಕೂ ಗೊತ್ತು: ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ ಅಲ್ಲಿನ ನರಸಿಂಹನ ಸನ್ನಿಧಿಯದು. ರಾಜಧಾನಿಗೆ ನೀರು ಕೊಟ್ಟ ಊರು, ಕನ್ನಡಕ್ಕೆ ರಾಮಾಯಣ ಕೊಟ್ಟ ಊರು, ಸುಲ್ತಾನನ ಸಂಗೀತದ ಪಟ್ಟಣದ ನೆರೆಯೂರು, ಎಲ್ಲವೂ ಒಂದೇ. ಇದನ್ನು ಪುಸ್ತಕದಲ್ಲಿ ಓದಿದಾಗ ಮೂರು ಬೇರೆ ಬೇರೆ ಸಂಗತಿಗಳು. ಒಂದು ಮಧ್ಯಾಹ್ನ ಅಲ್ಲಿ ಕಳೆದರೆ ಅವು ಒಂದೇ ನೆಲದ ಮೇಲಿವೆ ಎಂಬುದು ಕಣ್ಣಿಗೆ ಬೀಳುತ್ತದೆ.

ಎರಡನೆಯ ಆಕ್ಷೇಪಣೆ ಸರಳವಾದದ್ದು. ದುಡಿದು ದಣಿದವರು ರಜೆಯಲ್ಲಿ ವಿಶ್ರಾಂತಿ ಬಯಸುತ್ತಾರೆ, ಬಿಸಿಲು ಧೂಳಿನ ಊರಿನಲ್ಲಿ ಗೋರಿಗಳ ಸುತ್ತ ತಿರುಗುವುದನ್ನಲ್ಲ. ಬಿಸಿಲಿನ ಮಾತು ಒಪ್ಪತಕ್ಕದ್ದೇ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ಎಂದು ಯಾರಿಗೂ ಹೇಳಲಾರೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ ಬೆಳಗೂ ಸಂಜೆಯೂ ನಡೆದಾಡಲು ಹಿತವಾಗಿರುತ್ತವೆ. ವಿಶ್ರಾಂತಿಯ ಮಾತಿಗೆ ಬಂದರೆ, ಹಬ್ಬದ ವಾರಾಂತ್ಯದಲ್ಲಿ ಗಿರಿಧಾಮದ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಕಾರುಗಳು, ದುಪ್ಪಟ್ಟಾದ ಕೋಣೆಯ ಬಾಡಿಗೆ, ವ್ಯೂ ಪಾಯಿಂಟಿನಲ್ಲಿ ಸರದಿಗೆ ಕಾಯುವುದು ಇವುಗಳಿಂದ ಯಾರ ದಣಿವು ಆರುತ್ತದೆ? ಇಬ್ರಾಹಿಂ ರೋಜಾದ ತೋಟದಲ್ಲಿ, ಬಾರಾ ಕಮಾನಿನ ನೆರಳಿನಲ್ಲಿ, ಗಗನ್ ಮಹಲಿನ ಮುಂದಿನ ಹುಲ್ಲಿನಲ್ಲಿ ಕೂರಲು ಯಾರೂ ಅವಸರಪಡಿಸುವುದಿಲ್ಲ. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಉಂಡು ಎರಡು ತಾಸು ಮಲಗಿ ಎದ್ದರೂ ಸಂಜೆ ನೋಡಲು ಉಳಿದಿರುತ್ತದೆ. ಸೌಕರ್ಯಗಳು ಕಡಿಮೆ ಎಂಬುದು ನಿಜ: ಸ್ಮಾರಕಗಳ ಬಳಿ ಶುಚಿಯಾದ ಶೌಚಾಲಯ, ಕುಡಿಯುವ ನೀರು, ದಾರಿ ತೋರುವ ಫಲಕಗಳು ಇನ್ನೂ ಚೆನ್ನಾಗಿರಬೇಕು, ಹೆಂಗಸರಿಗಂತೂ ಇದು ಸಣ್ಣ ತೊಂದರೆಯಲ್ಲ. ಆದರೆ ಇದು ಹೋಗದಿರಲು ಕಾರಣವಾದರೆ ಅವು ಎಂದಿಗೂ ಸುಧಾರಿಸುವುದಿಲ್ಲ. ಅರ್ಧ ದಿನಕ್ಕೆ ಬಂದುಹೋಗುವವರಿಗಾಗಿ ಯಾವ ಊರೂ ತನ್ನನ್ನು ಸಜ್ಜುಗೊಳಿಸಿಕೊಳ್ಳುವುದಿಲ್ಲ. ಮೂರು ರಾತ್ರಿ ತಂಗುವವರು ಬರತೊಡಗಿದಾಗ ಲಾಡ್ಜಿನವರೂ ಟಾಂಗಾದವರೂ ಆಟೊದವರೂ ನಗರಪಾಲಿಕೆಯೂ ಎಚ್ಚೆತ್ತುಕೊಳ್ಳುತ್ತಾರೆ.

ಚರಿತ್ರೆ ಓದದವರಿಗೆ ಕಲ್ಲುಗಳು ಮಾತಾಡುವುದಿಲ್ಲ, ಗೈಡ್ ಹೇಳಿದ್ದೇ ಗತಿ ಎಂಬುದು ಇನ್ನೊಂದು ಮಾತು. ಇದರಲ್ಲೂ ಹುರುಳಿದೆ. ವಿಜಯಪುರದಲ್ಲಿ ಹೆಚ್ಚು ಕೇಳಿಸುವ ಎರಡು ಕಥೆಗಳನ್ನೇ ನೋಡಿ. ಗೋಳಗುಮ್ಮಟದಲ್ಲಿ ಸುಲ್ತಾನ ಮತ್ತು ರಾಣಿಯರ ಜೊತೆ ಸಮಾಧಿ ಪಡೆದ ನರ್ತಕಿ ರಂಭೆ, ಪ್ರೀತಿಯನ್ನು ಸಾಬೀತು ಮಾಡೆಂದು ಅವನು ಕೇಳಿದ್ದಕ್ಕೆ ಮೇಲಿನ ಮೊಗಸಾಲೆಯಿಂದ ಹಾರಿದಳಂತೆ. ಶಿವಾಜಿಯ ಮೇಲೆ ಹೊರಡುವ ಮುನ್ನ ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್ ತನ್ನ ಅರವತ್ತಕ್ಕೂ ಹೆಚ್ಚು ಹೆಂಡತಿಯರನ್ನು ಕೊಲ್ಲಿಸಿದನಂತೆ. ಊರ ಹೊರಗೆ ಸಾಲಾಗಿರುವ ಗೋರಿಗಳು ಅವರವೇ ಅಂತೆ. ಗೋರಿಗಳು ಇರುವುದು ದಿಟ. ಕಥೆಗಳು ಬಾಯಿಂದ ಬಾಯಿಗೆ ಬಂದವು. ಎರಡರಲ್ಲೂ ಹೆಣ್ಣಿನ ಪಾಲು ಗಂಡಿಗಾಗಿ ಸಾಯುವುದು. ಇವನ್ನು ಕೇಳಿ ತಲೆಯಾಡಿಸಿ ಬರುವ ಬದಲು ಇದೇ ಅರಮನೆಯ ದಾಖಲೆಯಲ್ಲಿರುವ ಹೆಂಗಸರನ್ನು ಇಬ್ಬರೂ ಕೂಡಿ ಹುಡುಕಬಹುದು. ಒಂದನೆಯ ಅಲಿಯ ವಿಧವೆ ಚಾಂದ್ ಬೀಬಿ ಇಲ್ಲಿ ಬಾಲರಾಜನ ಪರವಾಗಿ ರಾಜ್ಯ ನೋಡಿಕೊಂಡಳು, 1595ರಲ್ಲಿ ತವರಾದ ಅಹಮದನಗರದ ಕೋಟೆಯನ್ನು ಮೊಗಲರಿಂದ ಕಾದಳು. ಮುಹಮ್ಮದನ ಪತ್ನಿ, ಗೋಲ್ಕೊಂಡದ ಮಗಳು ಖದೀಜಾ ಸುಲ್ತಾನಾ, ಊರವರ ಬಡೀ ಸಾಹಿಬಾ, ಗಂಡನ ಕಾಯಿಲೆಯ ವರ್ಷಗಳಲ್ಲಿ ದರ್ಬಾರಿನ ಚುಕ್ಕಾಣಿ ಹಿಡಿದವಳು, ದಖನಿ ಕವಿ ರುಸ್ತಮಿಗೆ ಆಶ್ರಯ ಕೊಟ್ಟವಳು. ಅರಮನೆಯ ಹೊರಗಿನ ಸಾಮಾನ್ಯ ಹೆಂಗಸರಿಗಾಗಿ ಇಲ್ಲಿನ ಸೂಫಿಗಳು ಬೀಸುವ ಕಲ್ಲಿನ ಲಯಕ್ಕೆ ಚಕ್ಕಿನಾಮಾ ಹಾಡುಗಳನ್ನು ಕಟ್ಟಿದರು. ಇದನ್ನೆಲ್ಲ ತಿಳಿಯಲು ಪಂಡಿತರಾಗಬೇಕಿಲ್ಲ. ಹೊರಡುವ ಮೊದಲು ಒಂದು ಪುಸ್ತಕ, ಹೋದ ಮೇಲೆ ಗೋಳಗುಮ್ಮಟದ ಮುಂದಿನ ನಕ್ಕಾರ್‌ಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಎರಡು ತಾಸು ಸಾಕು. ಗೈಡನ್ನೂ ಕರೆದುಕೊಳ್ಳಿ, ಅವರ ಜೀವನ ಅದರಿಂದಲೇ ನಡೆಯುತ್ತದೆ. ಆದರೆ ಕಥೆ ಮುಗಿದ ಮೇಲೆ ಇದು ಎಲ್ಲಿ ಬರೆದಿದೆ ಎಂದು ಕೇಳಿ. ಕೇಳುವ ಪ್ರವಾಸಿ ಹೆಚ್ಚಾದಂತೆ ಹೇಳುವ ಕಥೆಯೂ ಬದಲಾಗುತ್ತದೆ.

ಹಳೆಯ ರಾಜಧಾನಿ ಸತ್ತ ಊರಲ್ಲ ಎಂಬುದನ್ನೂ ನೋಡಬೇಕು. 1884ರಲ್ಲಿ ರೈಲು ಬಂತು, ಮರುವರ್ಷ ಬ್ರಿಟಿಷರು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದರು. ಮಹಲುಗಳು ಕಚೇರಿಗಳಾದವು, ಮಸೀದಿಯೊಂದು ಅಂಚೆ ಕಚೇರಿಯಾಯಿತು, ಗೋಳಗುಮ್ಮಟದ ಮಗ್ಗುಲ ಮಸೀದಿ ಪ್ರವಾಸಿ ಬಂಗಲೆಯಾಯಿತು. ವೈಸ್‌ರಾಯ್ ಕರ್ಜನ್‌ನ ಕಾಲದಲ್ಲಿ ಇವುಗಳನ್ನು ತೆರವು ಮಾಡಿಸಿ, 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯ್ದೆ ಬಂದ ಮೇಲೆ ಮುಖ್ಯ ಕಟ್ಟಡಗಳು ಉಳಿದವು. ಚಿಕ್ಕ ಕಟ್ಟಡಗಳಿಗೆ ಆ ಭಾಗ್ಯ ಸಿಗಲಿಲ್ಲ. ಇವತ್ತು ಓಣಿಗಳಲ್ಲಿ ಮನೆಗಳ ನಡುವೆ ಸಿಕ್ಕಿಕೊಂಡ ಮಸೀದಿ, ಗೋರಿ, ಬಾವಡಿ, ಕಮಾನುಗಳು ಎಷ್ಟೋ ಇವೆ. ಅವುಗಳ ಪಕ್ಕದಲ್ಲೇ ಜನ ಬಟ್ಟೆ ಒಣಹಾಕುತ್ತಾರೆ, ತರಕಾರಿ ಮಾರುತ್ತಾರೆ, ಮಕ್ಕಳು ಕ್ರಿಕೆಟ್ ಆಡುತ್ತಾರೆ. ಈ ಜನರನ್ನು ಎಬ್ಬಿಸಿ ಊರನ್ನು ಖಾಲಿ ಮಾಡಿ ಪ್ರದರ್ಶನಕ್ಕಿಡಬೇಕೆಂದು ನಾನು ಹೇಳುವುದಿಲ್ಲ. ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ 2011ರಲ್ಲಿ ಹಾಗೆ ಮಾಡಿದ್ದರ ನೋವು ಇನ್ನೂ ಮಾಸಿಲ್ಲ. ಬೇಕಾದದ್ದು, ಆ ಸಣ್ಣ ಕಟ್ಟಡಗಳಿಗೂ ಬೆಲೆಯಿದೆ ಎಂದು ಅಲ್ಲಿಯವರಿಗೆ ಅನ್ನಿಸುವ ಸನ್ನಿವೇಶ. ಕಲಬುರಗಿ, ಬೀದರ್, ಹೈದರಾಬಾದುಗಳ ಜೊತೆಗೆ ವಿಜಯಪುರದ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ವಿಶ್ವ ಪರಂಪರೆಯ ಮನ್ನಣೆ ಸಿಕ್ಕರೆ ಒಳ್ಳೆಯದೇ. ಆದರೆ ಓಣಿಯ ಬಾವಡಿಯನ್ನು ಕಾಯುವುದು ಪಟ್ಟಿಯಲ್ಲ. ಅದನ್ನು ಕೇಳಿಕೊಂಡು ಬಂದು, ದಾರಿ ವಿಚಾರಿಸಿ, ಚಹಾ ಕುಡಿದು, ಅಲ್ಲಿಯ ಅಜ್ಜನೊಬ್ಬನ ಜೊತೆ ಹತ್ತು ನಿಮಿಷ ಮಾತಾಡಿ ಹೋಗುವ ಜನ.

ಹಾಗಾದರೆ ಬೆಂಗಳೂರಿನ ಅಥವಾ ಮೈಸೂರಿನ ದಂಪತಿಗಳು ಮುಂದಿನ ಚಳಿಗಾಲದಲ್ಲಿ ಮಾಡಬಹುದಾದದ್ದು ಇಷ್ಟೆ. ಗುಮ್ಮಟದ ಹೆಸರನ್ನೇ ಹೊತ್ತ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೊರಡಿ, ಮೂರು ರಾತ್ರಿಗೆ ಕೋಣೆ ಗೊತ್ತುಮಾಡಿಕೊಳ್ಳಿ. ಮೊದಲ ದಿನ ಗೋಳಗುಮ್ಮಟದ ಕಡೆ ಹೋಗಬೇಡಿ. ತಾಜ್ ಬಾವಡಿ, ಕೋಟೆಯ ಬಾಗಿಲುಗಳು, ತೋಪಿನ ಬುರುಜು, ಇಬ್ರಾಹಿಂ ರೋಜಾ ನೋಡಿ. ಎರಡನೆಯ ದಿನ ತೊರವೆ, ನವರಸಪುರ, ಸ್ವಲ್ಪ ಹೊತ್ತು ಬೇಗಂ ತಾಲಾಬ್. ಮೂರನೆಯ ದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗೋಳಗುಮ್ಮಟ ಹತ್ತಿ, ಆಮೇಲೆ ವಸ್ತುಸಂಗ್ರಹಾಲಯ, ಸಂಜೆಗೆ ಬಾರಾ ಕಮಾನ್. ಮರಳಿದ ಮೇಲೆ ಪ್ರವಾಸೋದ್ಯಮ ಇಲಾಖೆಗೆ ಒಂದು ಪತ್ರ ಬರೆಯಿರಿ: ನೀರಿನ ಗೋಪುರಗಳಿಗೆ ಕನ್ನಡದಲ್ಲಿ ಫಲಕ ಹಾಕಿ, ಸುರಂಗದ ಬಾವಿಗಳಿಗೆ ಬೇಲಿ ಕಟ್ಟಿ, ಸ್ಮಾರಕಗಳ ಬಳಿ ಹೆಂಗಸರಿಗೆ ಶೌಚಾಲಯ ಮಾಡಿಸಿ ಎಂದು. ಇಬ್ಬರೂ ಸಹಿ ಹಾಕಿ ಕಳಿಸಿ.